ಮೂಲೆ ಬೆಂಚಿನ ಹಳದಿ

ಆ ಎನ್ಜೈಮು ಆಶ್ರಿತಾಳ ಕೈಯಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಮೊದಲು ಲ್ಯಾಬಿನವರಿಗೆ ಅದೊಂದು ತಮಾಷೆಯಾಗಿತ್ತು. ಬರಬರುತ್ತಾ ಗುಸುಗುಸು ಶುರುವಾಯಿತು. ಕೊನೆಗೆ ಅದು ಅವಳ ಹೆಸರಿಗೇ ಅಂಟಿಕೊಂಡ ಅಪವಾದವಾಗಿ ನಿಂತಿತು.

ಬುಕಿತ್ ಬಾಟೋಕ್‌ನ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಕೆಳಗೆ ಟೈಲ್ಸ್ ಗೋಡೌನ್, ಮೇಲೆ ಬಿಸ್ಕತ್ತಿನ ಪ್ಯಾಕಿಂಗ್, ನಡುವಿನ ಮಹಡಿಯಲ್ಲಿ ಅವಳ ಕಂಪನಿಯ ಪುಟ್ಟ ಲ್ಯಾಬು. ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಈ ಹೊರದೇಶಕ್ಕೆ ಬಂದ ಆಶ್ರಿತಾ ಅಲ್ಲಿ ರಿಸರ್ಚ್ ಅಸಿಸ್ಟೆಂಟು. ಸಮುದ್ರದಂಚಿನ ಉಪ್ಪುನೀರಿನಲ್ಲೇ ಬೇರೂರುವ ಕಾಂಡ್ಲಾ ಗಿಡಗಳ ಕಾಡಿನ ಕೆಸರಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದಿಂದ ಅವರು ಆ ಎನ್ಜೈಮನ್ನು ಬೇರ್ಪಡಿಸಿದ್ದರು. ಮೀನಿನ ನಾತಕ್ಕೆ ಕಾರಣವಾದ ಪದಾರ್ಥವನ್ನು ಒಡೆದುಹಾಕುವುದು ಅದರ ಕಸುಬು. ಅದು ಕೆಲಸಕ್ಕಿಳಿಯಿತು ಅನ್ನುವುದಕ್ಕೆ ಟ್ಯೂಬಿನಲ್ಲಿ ಕಾಣುವ ಗುರುತು ಹಳದಿ ಬಣ್ಣ. ಆಶ್ರಿತಾಳ ಟ್ಯೂಬು ಚಿತ್ರಾನ್ನದ ಒಗ್ಗರಣೆಯ ಹಾಗೆ ಹಳದಿಗೆ ತಿರುಗುತ್ತಿತ್ತು. ಅದೇ ಎನ್ಜೈಮನ್ನು ಅವಳ ಡಬ್ಬಿಯಿಂದಲೇ ತೆಗೆದುಕೊಂಡು, ಅದೇ ವಿಧಾನವನ್ನು ಸಾಲುಸಾಲಾಗಿ ಓದಿಕೊಂಡು ಸಾಗರ್ ಮಾಡಿದರೆ, ಟ್ಯೂಬು ಕುಡಿಯುವ ನೀರಿನ ಹಾಗೆ ಸುಮ್ಮನೆ ಕೂತಿರುತ್ತಿತ್ತು.

ಸಾಗರ್ ಬೆಂಗಳೂರಿನವನು, ಪಿಎಚ್‌ಡಿ ಆದವನು, ಅವಳಿಗಿಂತ ಸೀನಿಯರ್. ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ಮಾಡಿ ತೋರಿಸಿದ ಮೇಲೆಯೇ ಅದು ಆಚೆ ಹೋಗಬೇಕು ಅನ್ನುವುದು ಎಲ್ಲ ಲ್ಯಾಬುಗಳ ಹಾಗೆ ಅಲ್ಲಿಯ ಕ್ರಮವೂ ಹೌದು. ಆದರೆ ಈ ಸಲ ಆತುರ ಬಿದ್ದು, ಅವಳ ಹಳದಿಯನ್ನು ನೋಡಿಯೇ ಮೇಲಿನವರಿಗೆ ಸುದ್ದಿ ಹೋಗಿಬಿಟ್ಟಿತ್ತು. ಈಗ ಮಾಡಿ ತೋರಿಸುವ ಭಾರ ಸಾಗರನ ತಲೆಯ ಮೇಲೆ. ಸೋತಾಗಲೆಲ್ಲ ಅವನ ನಾಲಿಗೆ ಹರಿತವಾಗುತ್ತಿತ್ತು. “ಏನ್ ತಾಯೀ, ಇವತ್ತೂ ಪ್ರಸಾದ ಆಯ್ತಾ? ನಮಗೂ ಸ್ವಲ್ಪ ಅನುಗ್ರಹ ಮಾಡಿ,” ಅಂತ ಬೆಳಗ್ಗೆ ಬಂದವನೇ ಅವಳ ಬೆಂಚಿಗೆ ಕೈ ಮುಗಿಯುತ್ತಿದ್ದ. ಉಳಿದವರು ನಗುತ್ತಿದ್ದರು. ಅವಳೂ ತುಟಿ ಅಗಲಿಸಿ, ತಲೆ ತಗ್ಗಿಸುತ್ತಿದ್ದಳು. ನಗುವುದಕ್ಕೂ ನಗದೇ ಇರುವುದಕ್ಕೂ ಧೈರ್ಯ ಸಾಲದವರು ಮಾಡುವಂತೆ.

ಆಶ್ರಿತಾ ಕೆಲಸ ಮಾಡುವುದನ್ನು ಯಾರೂ ಕಂಡಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ಯಾರಾದರೂ ನೋಡುತ್ತಿದ್ದರೆ ಅವಳ ಕೈ ನಡುಗುತ್ತಿತ್ತು. ಬ್ಯಾಂಕಿನಲ್ಲಿ ಕೌಂಟರಿನವಳು ಕಣ್ಣಿಟ್ಟು ನೋಡಿದ್ದಕ್ಕೆ ಅವಳ ಸಹಿ ಅವಳ ಸಹಿಗೇ ಹೊಂದದೆ ಹೋದದ್ದುಂಟು. ಅದಕ್ಕೇ ಎಲ್ಲರಿಗಿಂತ ಮುಂಚೆ ಬಂದು, ಕಿಟಕಿಯ ಪಕ್ಕದ ಮೂಲೆ ಬೆಂಚಿನಲ್ಲಿ, ಬೆನ್ನು ಬಾಗಿಲಿಗೆ ಮಾಡಿ, ದಿನದ ಬಫರು ಮಾಡಿಕೊಂಡುಬಿಡುತ್ತಿದ್ದಳು. ಬಫರೆಂದರೆ ಎನ್ಜೈಮು ಕೂತು ಕೆಲಸ ಮಾಡುವ ನೀರು. ಅದು ಹುಳಿಯ ಕಡೆಗೂ ಜಾರದಂತೆ, ಕ್ಷಾರದ ಕಡೆಗೂ ಜಾರದಂತೆ ಹದ ಕಾಯುವ ದ್ರಾವಣ. ಅದನ್ನು ಅವರವರೇ ಮಾಡಿಕೊಳ್ಳಬೇಕು. ಇನ್ನೊಬ್ಬರ ಬಫರು ಕೇಳುವುದು ಇನ್ನೊಬ್ಬರ ಟೂತ್‌ಬ್ರಷ್ ಕೇಳಿದ ಹಾಗೆ. ಅದು ಲ್ಯಾಬಿನ ಮಡಿ. ಸಾಗರ್ ಅವಳ ಎನ್ಜೈಮು ತೆಗೆದುಕೊಂಡ, ಅವಳ ಪುಡಿಗಳನ್ನು ತೆಗೆದುಕೊಂಡ, ಅವಳ ಪಿಪೆಟ್ಟನ್ನೂ ಒಮ್ಮೆ ಎರವಲು ಪಡೆದ. ಬಫರನ್ನು ಮಾತ್ರ ಅವನು ಕೇಳಲಿಲ್ಲ, ಅವಳು ಕೊಡಲಿಲ್ಲ.

ಸೋಮವಾರ ಬದರಿನಾಥ್ ಸರ್ ಅವಳನ್ನು ತಮ್ಮ ಗಾಜಿನ ರೂಮಿಗೆ ಕರೆದರು. ಲ್ಯಾಬಿನ ಮುಖ್ಯಸ್ಥರು ಅವರು. ಎಂದೂ ದನಿ ಏರಿಸಿದವರಲ್ಲ. ಕಷ್ಟದ ಮಾತು ಬಂದಾಗ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿಯುತ್ತಿದ್ದರು. ಗುರುವಾರ ಪಾಯಾ ಲೆಬಾರ್‌ನ ಹೆಡ್ ಆಫೀಸಿಗೆ ಕಸ್ಟಮರ್ ಬರುತ್ತಿದ್ದಾರೆ, ಉಪ್ಪುಮೀನು ಮಾಡುವ ದೊಡ್ಡ ಫ್ಯಾಕ್ಟರಿಯವರು, ಅಂದರು. ಸಾಗರನಿಂದ ಆಗದ್ದನ್ನು ಅವರ ಮುಂದೆ ಇಡುವುದು ಹೇಗೆ ಅಂತ ಕೇಳಿದರು.

“ನೋಡಮ್ಮಾ, ನೀನು ಸುಳ್ಳು ಮಾಡಿದೀಯ ಅಂತ ನಾನು ಹೇಳ್ತಿಲ್ಲ. ಕಣ್ತಪ್ಪಿರತ್ತೆ. ರೀಡಿಂಗ್ ತಪ್ಪಾಯ್ತು, ವಿತ್‌ಡ್ರಾ ಮಾಡ್ತಿದೀನಿ ಅಂತ ಎರಡು ಲೈನ್ ಮೇಲ್ ಹಾಕ್ಬಿಡು. ಅಲ್ಲಿಗೆ ಮುಗೀತು.”

“ಇಲ್ಲ ಸರ್.”

ಆ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಹಿಂದೆ ಯಾರಾದರೂ ನಿಂತು ಅಂದರೇನೋ ಅಂತ ತಿರುಗಿ ನೋಡುವಂತಾಯಿತು.

‘ಇಲ್ಲ’ ಅಂದರೆ ಏನು ಅಂತ ಅವರು ಕೇಳಿದರು.

“ಹಳದಿ ಬಂದಿದ್ದು ನಿಜ ಸರ್. ಬಂದಿಲ್ಲ ಅಂತ ನಾನು ಬರೆಯಲ್ಲ.”

ಬದರಿನಾಥ್ ಕನ್ನಡಕ ತೆಗೆದು ಒರೆಸಿಕೊಂಡರು. ಇಲ್ಲಿ ಕೆಲಸ ಮಾಡೋಕಿರೋ ನಿನ್ನ ಪಾಸು ಈ ವರ್ಷ ರಿನ್ಯೂವಲ್‌ಗೆ ಬರುತ್ತೆ ಅಲ್ವಾ, ಅಂತ ಬೇರೆಯದೇ ವಿಷಯ ಎತ್ತಿದವರಂತೆ ಅಂದು, ಬುಧವಾರದವರೆಗೆ ಯೋಚನೆ ಮಾಡು ಅಂತ ಕಳಿಸಿಕೊಟ್ಟರು.

ಸಂಜೆ ಮನೆ ತಲುಪುವ ಹೊತ್ತಿಗೆ ಸುದ್ದಿ ಅವಳಿಗಿಂತ ಮುಂಚೆ ಅಲ್ಲಿಗೆ ಬಂದು ಕೂತಿತ್ತು. ಬುಕಿತ್ ಬಾಟೋಕ್‌ನಲ್ಲೇ, ಬಸ್ಸಿಗೆ ಕೆಲವೇ ಸ್ಟಾಪು ಆಚೆ, ರೇಣುಕಾ ಆಂಟಿ ಮತ್ತು ದ್ವಾರಕನಾಥ್ ಅಂಕಲ್ ಅವರ ಫ್ಲ್ಯಾಟಿನಲ್ಲಿ ಒಂದು ರೂಮು ಅವಳದು. ಅಪ್ಪನ ಹಳೆಯ ಸ್ನೇಹಿತರು. ಬದರಿನಾಥರಿಗೆ ಹೇಳಿ ಅವಳಿಗೆ ಈ ಕೆಲಸ ಕೊಡಿಸಿದವರೂ ಅವರೇ. ಸಾರು ಬಡಿಸುತ್ತಲೇ ಆಂಟಿ, ಬದರಿ ಫೋನ್ ಮಾಡಿದ್ದರು ಅಂತ ಶುರು ಮಾಡಿದರು. ಪಾಪ, ಬೈಯಲಿಲ್ಲ, ಬೇಜಾರು ಮಾಡಿಕೊಂಡರು ಅಷ್ಟೇ, ಅಂದರು.

ಅಷ್ಟರಲ್ಲಿ ಅಂಕಲ್ ಒಂದು ಗುಟುಕು ಸಾರು ಕುಡಿದು ಲೋಟ ಕೆಳಗಿಟ್ಟರು. ಅವರಿಗೆ ಬಿಪಿ. ಡಾಕ್ಟರು ಸೋಡಿಯಂ ಕಮ್ಮಿ ಮಾಡಿ ಅಂದ ಮೇಲೆ ಆಂಟಿ, ಅರ್ಧ ಪೊಟ್ಯಾಷಿಯಂ ಬೆರೆಸಿದ ಉಪ್ಪಿನ ಡಬ್ಬಿ ತಂದಿಟ್ಟಿದ್ದರು. ಅಂಕಲ್ಲಿಗೆ ಹೇಳದೆ ಹಾಕುತ್ತಿದ್ದರು. ಅಂಕಲ್ ಪ್ರತಿಸಲ ಕಂಡುಹಿಡಿಯುತ್ತಿದ್ದರು.

“ಇದು ಉಪ್ಪಲ್ಲ ಕಣೇ. ಉಪ್ಪಿನ ವೇಷ ಹಾಕ್ಕೊಂಡು ಬಂದಿರೋದು.”

ಬೆಳ್ಳಗಿದೆ, ಉಪ್ಪುಪ್ಪಾಗಿದೆ, ಇನ್ನೇನು ಕೇಡು ಅಂತ ಆಂಟಿ ಅವರ ಬಾಯಿ ಮುಚ್ಚಿಸಿ, ಮತ್ತೆ ಆಶ್ರಿತಾಳ ಕಡೆ ತಿರುಗಿದರು. “ಎರಡು ಲೈನ್ ತಾನೇ, ಆಶ್ರಿ. ಹೂಂ ಅಂದ್ಬಿಡು. ನಾವು ಹೇಳಿದ ಹುಡುಗಿ ಅಂತ ಅವರು ಕೆಲಸ ಕೊಟ್ಟಿದ್ದು.”

“ನೀವು ಹೇಳಿದ ಹುಡುಗಿ ಸುಳ್ಳಿ ಅಂತ ನಾನೇ ಬರೆದುಕೊಡಲಾ ಆಂಟಿ?”

ಆಂಟಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಈ ಹುಡುಗಿ ಈ ಮನೆಯಲ್ಲಿ ಇನ್ನೊಂದು ಹಪ್ಪಳ ಬೇಕು ಅಂತ ಕೂಡ ಬಾಯಿಬಿಟ್ಟು ಕೇಳಿದವಳಲ್ಲ. ಅಂಕಲ್ ಆ ವೇಷದ ಸಾರನ್ನೇ ಕಲಸಿಕೊಂಡು ಉಣ್ಣತೊಡಗಿದರು.

ಮಾರನೆಯ ಬೆಳಗ್ಗೆ ಬಸ್ಸಿನಲ್ಲಿ ಕೂತು ಆಶ್ರಿತಾ ತನ್ನ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಮಾಡಿ ನೋಡಿದಳು. ಅದೇ ಪುಡಿ, ಅದೇ ಯಂತ್ರದ ನೀರು, ಅದೇ ಪಿಎಚ್ ಮೀಟರು. ನಾನು ಮಾಡುತ್ತಿರುವುದು, ಸಾಗರ್ ಮಾಡದೆ ಬಿಟ್ಟಿರುವುದು ಏನೋ ಇದೆ. ಇಲ್ಲವೆಂದರೆ ನಾನೇ ಕಂಡದ್ದನ್ನು ಕಂಡೆನೆಂದು ನಂಬಿಕೊಂಡ ಹುಚ್ಚಿ. ಎಷ್ಟು ಸಲ ಮಾಡಿ ನೋಡಿದರೂ ಕಲ್ಪನೆಯ ಕೈ ಎಲ್ಲಿಯೂ ಎಡವಲಿಲ್ಲ. ನಮ್ಮ ರೂಢಿ ನಮಗೆ ಕಾಣುವುದಿಲ್ಲ. ಅದನ್ನು ಬೇರೆಯವರೇ ನೋಡಬೇಕು. ಅಂದರೆ ಅವರ ಕಣ್ಣೆದುರಿಗೇ ಅವಳು ಮಾಡಬೇಕು. ಎರಡು ಲೈನಿನ ಮೇಲ್ ಎಷ್ಟು ಸುಲಭ ಅಂತ ಆ ಕ್ಷಣ ಅವಳಿಗೆ ಅನ್ನಿಸದೆ ಇರಲಿಲ್ಲ. ಬಸ್ಸು ಇಳಿದವಳು ಸ್ಟಾಪಿನಲ್ಲೇ ಸ್ವಲ್ಪ ಹೊತ್ತು ನಿಂತು, ಈ ಸಲ ಬೇಕೆಂದೇ ಎಲ್ಲರೂ ಬಂದ ಮೇಲೆ ಲ್ಯಾಬಿಗೆ ಹೋದಳು.

ಹೋದವಳೇ ಬದರಿನಾಥರ ಬಾಗಿಲು ತಟ್ಟಿ, ತಾನು ಬಫರಿನಿಂದ ಹಿಡಿದು ಎಲ್ಲವನ್ನೂ ಅವರ ಮುಂದೆ ಮಾಡುವುದಾಗಿ, ಸಾಗರ್ ಮತ್ತು ಹುಯಿ ಮಿನ್ ಪಕ್ಕದಲ್ಲೇ ನಿಂತು ನೋಡಬೇಕೆಂದು ಹೇಳಿದಳು. ಹುಯಿ ಮಿನ್ ಲ್ಯಾಬ್ ಮ್ಯಾನೇಜರ್, ಇದೇ ಊರಿನ ಸೆರಂಗೂನ್ ಕಡೆಯ ಹೆಂಗಸು. ಯಾವ ಬಾಟಲಿ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದನ್ನು ಬೆನ್ನಿನಲ್ಲೇ ಕಂಡುಹಿಡಿಯುವಳು. ಮೋಸ ಇದ್ದರೆ ಅಲ್ಲೇ ಹಿಡಿಯಿರಿ ಅಂತಲೂ ಆಶ್ರಿತಾ ಸೇರಿಸಿದಳು.

ಮೂವರೂ ಬಂದು ಮೂಲೆ ಬೆಂಚಿನ ಸುತ್ತ ನಿಂತರು. ಹುಯಿ ಮಿನ್ ಒಂದು ಸ್ಟೂಲು ಎಳೆದುಕೊಂಡಳು. ಸಾಗರ್ ಕೈಕಟ್ಟಿ, ತಾಯಿ ದರ್ಶನಕ್ಕೆ ಟಿಕೆಟ್ ಇದೆಯೋ ಅಂತ ಮೆಲ್ಲಗೆ ಕೇಳಿದ. ಯಾರೂ ನಗಲಿಲ್ಲ.

ಅವಳ ಕೈ ನಡುಗಿತು. ಪುಡಿ ತೂಗುವಾಗ ಅರ್ಧ ತಕ್ಕಡಿಯ ಮೇಲೆ, ಅರ್ಧ ಅದರ ಪಕ್ಕ ಬಿತ್ತು. ಒರೆಸಿ, ಮತ್ತೆ ತೂಗಿದಳು. ಬೀಕರಿಗೆ ನೀರು ಸುರಿಯುವಾಗ ಅಳತೆ ಮೀರಿತು. ಅದನ್ನು ಚೆಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ನಾಳೆ ಮಾಡೋಣ ಬಿಡಮ್ಮಾ ಅಂತ ಬದರಿನಾಥ್ ಕರುಣೆಯಿಂದಲೇ ಅಂದರು. ಆ ಕರುಣೆ ಅವಳಿಗೆ ಚುರುಕು ಮುಟ್ಟಿಸಿದಂತೆ ಆಯಿತು. ಇಲ್ಲ ಸರ್, ಇವತ್ತೇ, ಅಂದಳು. ನಡುಗಿದರೆ ನಡುಗಲಿ, ಆದರೆ ನಿಲ್ಲುವುದಿಲ್ಲ ಅಂತ ಕೈಗೆ ತಾನೇ ಹೇಳಿಕೊಂಡಳು. ಬೀಕರಿನೊಳಗೆ ಮ್ಯಾಗ್ನೆಟ್ ಗಿರ್ರನೆ ತಿರುಗತೊಡಗಿತು. ಪುಡಿ ಕರಗಿತು. ನೀರು ಇನ್ನೂ ಹುಳಿಯ ಕಡೆಗಿತ್ತು; ಅದನ್ನು ಹದಕ್ಕೆ ತರಲು ಕ್ಷಾರ ಬೇಕು. ಅವಳು ಬಗ್ಗಿ, ಬೆಂಚಿನ ಕೆಳಗಿನ ಕಪಾಟಿನ ಹಿಂದುಗಡೆಯಿಂದ ತನ್ನ ಬಾಟಲಿ ತೆಗೆದು, ಡ್ರಾಪರಿನಿಂದ ತೊಟ್ಟುತೊಟ್ಟಾಗಿ ಬಿಡತೊಡಗಿದಳು.

ಹುಯಿ ಮಿನ್ ಸ್ಟೂಲಿನಿಂದ ಎದ್ದಳು. ಅದೇಕೆ ಅಲ್ಲಿಂದ ತೆಗೆಯುತ್ತೀ, ಕಾಮನ್ ಬೆಂಚಿನಲ್ಲಿ ಎಲ್ಲರಿಗೂ ಅಂತ ಮಾಡಿಟ್ಟದ್ದು ಇದೆಯಲ್ಲ, ಅಂತ ಕೇಳಿ, ಆ ಬಾಟಲಿಯನ್ನು ತನ್ನ ಕಡೆ ತಿರುಗಿಸಿ ಓದಿದಳು. ಆಮೇಲೆ ಸಾಗರನಿಗೆ ತೋರಿಸಿದಳು.

ಪೊಟ್ಯಾಷಿಯಂ ಹೈಡ್ರಾಕ್ಸೈಡ್.

ಕಾಮನ್ ಬೆಂಚಿನಲ್ಲಿದ್ದದ್ದು ಸೋಡಿಯಂ ಹೈಡ್ರಾಕ್ಸೈಡ್. ಸಾಗರ್ ಬಳಸುತ್ತಿದ್ದದ್ದು ಅದನ್ನೇ, ಲ್ಯಾಬಿನಲ್ಲಿ ಎಲ್ಲರೂ ಬಳಸುತ್ತಿದ್ದದ್ದು ಅದನ್ನೇ. ವಿಧಾನದಲ್ಲಿ ಇದ್ದದ್ದು ಕ್ಷಾರ ಹಾಕಿ ಹದಕ್ಕೆ ತರಬೇಕು ಅಂತ ಮಾತ್ರ. ಯಾವ ಕ್ಷಾರ ಅಂತ ಆಶ್ರಿತಾಳೂ ಬರೆದಿರಲಿಲ್ಲ, ಯಾರೂ ಎಂದೂ ಬರೆಯುತ್ತಿರಲಿಲ್ಲ. ಅಡುಗೆಯವರು ಉಪ್ಪು ಅಂದರೆ ಯಾವ ಉಪ್ಪು ಅಂತ ಹೇಳುವುದಿಲ್ಲವಲ್ಲ, ಹಾಗೆ. ಮೈಸೂರಿನ ಲ್ಯಾಬಿನಲ್ಲಿ ಯಾರೋ ದ್ರವ ಸೋಪು ಮಾಡುವ ಪ್ರಾಜೆಕ್ಟಿಗೆಂದು ಪೊಟ್ಯಾಷಿಯಂ ಹೈಡ್ರಾಕ್ಸೈಡಿನ ಡಬ್ಬಗಳನ್ನು ತರಿಸಿ, ಪ್ರಾಜೆಕ್ಟು ಬಿಟ್ಟು ಹೋಗಿದ್ದರು. ಅವನ್ನು ಮುಗಿಸುವ ತನಕ ಬೇರೆ ಕ್ಷಾರ ತರಿಸುವುದಿಲ್ಲ ಅಂತ ಅಲ್ಲಿಯ ಮೇಡಂ ಪಟ್ಟು ಹಿಡಿದಿದ್ದರು. ಆಶ್ರಿತಾಳ ಕೈ ಕಲಿತದ್ದು ಅದರಲ್ಲಿ. ಇಲ್ಲಿ ಬಂದ ಮೇಲೆ ಕಾಮನ್ ಬೆಂಚಿಗೆ ಹೋದರೆ ನಾಲ್ಕು ಜನರ ನಡುವೆ ನುಗ್ಗಬೇಕು, ಏನಾದರೂ ಮಾತಾಡಬೇಕು. ಅದಕ್ಕಿಂತ ಸ್ಟೋರಿನಿಂದ ಒಂದು ಡಬ್ಬ ತಂದು ತಾನೇ ಮಾಡಿಟ್ಟುಕೊಳ್ಳುವುದು ವಾಸಿ ಅನ್ನಿಸಿತ್ತು.

ಅಷ್ಟೇ ಆದರೆ ಸಾಲದು ಅಂತ ಅವಳಿಗೆ ತಿಳಿದಿತ್ತು. ಬಾಟಲಿ ಬೇರೆ ಅನ್ನುವುದು ಕಂಡಿತೇ ಹೊರತು, ಅದೇ ಕಾರಣ ಅನ್ನುವುದು ಇನ್ನೂ ಕಂಡಿರಲಿಲ್ಲ. ಅವಳು ಸಾಗರನ ನಿನ್ನೆಯ ಟ್ಯೂಬು ಕೇಳಿದಳು. ಅದಿನ್ನೂ ರ‍್ಯಾಕಿನಲ್ಲಿತ್ತು, ಬಣ್ಣವಿಲ್ಲದೆ. ಅದು ಸತ್ತ ಟ್ಯೂಬು ಅಂತ ಅವನು ಕೊಟ್ಟ. ಅವಳು ಅದರ ಒಂದಂಶವನ್ನು ಹೊಸ ಟ್ಯೂಬಿಗೆ ಹಾಕಿ, ಪೊಟ್ಯಾಷಿಯಂ ಕ್ಲೋರೈಡಿನ ದ್ರಾವಣವನ್ನು ಸ್ವಲ್ಪ ಬಿಟ್ಟು ಅಲುಗಾಡಿಸಿದಳು. ಇನ್ನೊಂದಂಶಕ್ಕೆ ಅಷ್ಟೇ ಅಳತೆಯ ಅಡುಗೆ ಉಪ್ಪಿನ ನೀರು. ಈಗ ಅವಳ ಕೈ ನಡುಗುತ್ತಿದೆಯೋ ಇಲ್ಲವೋ ಅಂತ ಯಾರೂ ನೋಡುತ್ತಿರಲಿಲ್ಲ, ಅವಳೂ ಕೂಡ. ಎಲ್ಲರ ಕಣ್ಣು ಟ್ಯೂಬಿನ ಮೇಲೆ. ಉಪ್ಪಿನ ನೀರಿನದು ಹಾಗೇ ಇತ್ತು. ಪೊಟ್ಯಾಷಿಯಂ ಬಿದ್ದದ್ದು ಮೊದಲು ಮಂಕಾಗಿ, ಆಮೇಲೆ ಅನುಮಾನಕ್ಕೆ ಎಡೆಯಿಲ್ಲದಂತೆ ಹಳದಿಯಾಯಿತು.

ಸಾಗರ್ ಕಟ್ಟಿದ್ದ ಕೈ ಬಿಟ್ಟ. “ಅಂದ್ರೆ ಇಷ್ಟು ದಿನ ಇದು ಬದುಕೇ ಇತ್ತಾ?” ಅಂದ. ಅವನು ಕೇಳಿದ್ದು ಅವಳನ್ನಲ್ಲ, ಟ್ಯೂಬನ್ನು.

ಅವಳು ಹೇಳಿದಳು. ಅಷ್ಟು ಉದ್ದಕ್ಕೆ ಆ ಲ್ಯಾಬಿನಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. ಎನ್ಜೈಮಿನ ಮೈಯಲ್ಲಿ, ಕೆಲಸ ನಡೆಯುವ ಜಾಗದ ಪಕ್ಕದಲ್ಲೇ, ಒಂದು ಪುಟ್ಟ ಗುಳಿ ಇರಬೇಕು. ಪೊಟ್ಯಾಷಿಯಂ ಅಯಾನು ಆ ಗುಳಿಗೆ ಸರಿಹೊಂದುವಷ್ಟು ದಪ್ಪ. ಅದು ಕೂತರೆ ಸುತ್ತಲಿನ ಮಡಿಕೆಗಳು ತಂತಮ್ಮ ಜಾಗದಲ್ಲಿ ನಿಲ್ಲುತ್ತವೆ. ಸೋಡಿಯಂ ಅದಕ್ಕಿಂತ ಚಿಕ್ಕದು. ಅದೂ ಅಲ್ಲಿಗೆ ಬಂದು ಕೂರುತ್ತದೆ, ಆದರೆ ಮಡಿಕೆಗಳು ಒಳಕ್ಕೆ ಜಗ್ಗಿ ಕೆಲಸದ ಜಾಗದ ಆಕಾರವೇ ಕೆಡುತ್ತದೆ. ಇಂಥ ಎನ್ಜೈಮುಗಳು ಬೇರೆಯೂ ಇವೆ. ಇದೂ ಆ ಜಾತಿಯದೇ ಅಂತ ಕಾಣುತ್ತದೆ, ಖಚಿತವಾಗಿ ಹೇಳಲು ಇನ್ನೂ ನೋಡಬೇಕು, ಅಂದಳು.

ಬದರಿನಾಥರ ಮುಖ ಅರಳಿತು. ಅವಳನ್ನು ಮತ್ತೆ ಗಾಜಿನ ರೂಮಿಗೆ ಕರೆದು, ಕೂರಿಸಿ, ಗುರುವಾರಕ್ಕೆ ದಾರಿ ಸಿಕ್ಕಿತು ಅಂತ ಹೇಳಿದರು. ಅಸಿಸ್ಟೆಂಟು ತಪ್ಪಿ ಬೇರೆ ಕ್ಷಾರ ಬಳಸಿದ್ದರಿಂದ ಸಣ್ಣ ಗೊಂದಲ ಆಗಿತ್ತು, ಈಗ ಸರಿಹೋಗಿದೆ, ಅಷ್ಟು ಹೇಳಿ ಹಳದಿ ತೋರಿಸಿಬಿಡೋಣ ಅಂದರು. ಡೆಮೊಗೆ ನಿನ್ನ ಬಫರೇ ಇರಲಿ ಅಂತಲೂ ಅಂದರು. ಪೊಟ್ಯಾಷಿಯಂ ಬೇಕು, ಸೋಡಿಯಂ ಆಗದು ಅನ್ನುವ ಮಾತು ಮಾತ್ರ ಬೇಡ. ಅವರದು ಉಪ್ಪುಮೀನಿನ ಫ್ಯಾಕ್ಟರಿ. ತೊಟ್ಟಿ ತುಂಬ ಇರುವುದೇ ಸೋಡಿಯಂ. ಕೇಳಿದರೆ ಎದ್ದು ಹೋಗುತ್ತಾರೆ.

ಆಶ್ರಿತಾ ಮೇಜಿನ ಅಂಚು ಹಿಡಿದುಕೊಂಡಳು. ನಿನ್ನೆ ಬಂದದ್ದನ್ನು ಬಂದಿಲ್ಲ ಅನ್ನಬೇಕಿತ್ತು. ಇವತ್ತು ಅದು ಬಂದದ್ದೇಕೆ ಅನ್ನುವುದನ್ನು ನುಂಗಬೇಕು. ಎರಡಕ್ಕೂ ಹಚ್ಚುವ ಹೆಸರು ಅವಳದೇ.

“ತಪ್ಪು ಕ್ಷಾರ ಅಲ್ಲ ಸರ್ ಅದು. ಅದೇ ಸರಿಯಾದ ಕ್ಷಾರ. ನನ್ನ ತಪ್ಪು ಅಂತ ಹೇಳಿದ್ರೆ ನಾನು ಅಲ್ಲೇ ಎದ್ದು ನಿಂತು ಅಲ್ಲ ಅಂತೀನಿ.”

ಬದರಿನಾಥರಿಗೆ ನಗು ಬಂತು. “ನೀನಾ? ಮೀಟಿಂಗಲ್ಲಿ?”

“ಇವತ್ತು ನಿಮ್ಮೆಲ್ಲರ ಮುಂದೆ ಬಫರ್ ಮಾಡಿದೆನಲ್ಲ ಸರ್.”

ಗುರುವಾರ ಅವರು ಅವಳನ್ನು ಕರೆದುಕೊಂಡೇ ಹೋಗಬೇಕಾಯಿತು. ಟ್ಯೂಬು ಹಳದಿ ಮಾಡಲು ಕೈ ಬೇಕಿತ್ತಲ್ಲ. ಪಾಯಾ ಲೆಬಾರ್‌ನ ಆಫೀಸಿನಲ್ಲಿ ಉದ್ದನೆಯ ಮೇಜು. ಫ್ಯಾಕ್ಟರಿಯ ಕಡೆಯಿಂದ ಬಂದವರು ಒಬ್ಬರು ವಯಸ್ಸಾದ ಯಜಮಾನರು, ಜೊತೆಗೆ ಅವರ ಮಗಳು. ಬದರಿನಾಥ್ ಚೆನ್ನಾಗಿಯೇ ಮಾತಾಡಿದರು. ಮಾತಾಡುತ್ತಾ, ಅವಳು ಅಂದದ್ದನ್ನು ಮರೆತರೋ ಅಥವಾ ಇವಳೆಲ್ಲಿ ಏಳುತ್ತಾಳೆ ಅಂದುಕೊಂಡರೋ, ನಮ್ಮ ಅಸಿಸ್ಟೆಂಟ್ ಮಾಡಿದ ಒಂದು ಸಣ್ಣ ತಪ್ಪು ಅನ್ನುವ ಸಾಲಿಗೆ ಬಂದರು.

ಆಶ್ರಿತಾ ಎದ್ದಳು. ಕುರ್ಚಿ ಕಿರ್ರೆಂದು ಹಿಂದೆ ಸರಿದು ಎಲ್ಲರ ಕುತ್ತಿಗೆ ಅವಳ ಕಡೆ ತಿರುಗಿತು. ಕ್ಷಮಿಸಿ, ಅದು ತಪ್ಪಲ್ಲ, ಅಂತ ಇಂಗ್ಲಿಷಿನಲ್ಲಿ ಅಂದಳು. ದನಿ ಒಡೆದು ಕೀರಲಾಗಿ ಬಂತು. ಹಾಗೇ ಮುಂದುವರಿಸಿದಳು. ಒಂದೇ ಬಫರಿನ ಎರಡು ಟ್ಯೂಬಿಟ್ಟು, ಒಂದಕ್ಕೆ ಅದೇ ಆಫೀಸಿನ ಪ್ಯಾಂಟ್ರಿಯಿಂದ ತಂದ ಉಪ್ಪನ್ನು ಒಳ್ಳೆಯ ಚಿಟಿಕೆ ಹಾಕಿ ಕರಗಿಸಿ, ಆಮೇಲೆ ಎರಡಕ್ಕೂ ಎನ್ಜೈಮು ಬಿಟ್ಟಳು. ಒಂದು ಹಳದಿಯಾಯಿತು. ಉಪ್ಪು ಬಿದ್ದದ್ದು ಬಣ್ಣ ಏರಿಸಲಾರದೆ ನಿಂತಿತು. ನಿಮ್ಮ ತೊಟ್ಟಿಯಲ್ಲಿ ಆಗುವುದು ಇದು, ಅಂದಳು.

ಯಜಮಾನರು ಎರಡನ್ನೂ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಉಪ್ಪು ಹಾಕುವ ಮೊದಲೇ, ಮೀನು ತೊಳೆಯುವಾಗ ಇದನ್ನು ಹಾಕಿದರೆ ಹೇಗೆ ಅಂತ ಮಗಳು ಕೇಳಿದಳು. ಗೊತ್ತಿಲ್ಲ, ಮಾಡಿ ನೋಡಿ ಹೇಳುತ್ತೇನೆ, ಅಂತ ಆಶ್ರಿತಾ ಉತ್ತರ ಕೊಟ್ಟಳು. ಅವರು ಎದ್ದು ಹೋಗಲಿಲ್ಲ. ಸಹಿಯನ್ನೂ ಹಾಕಲಿಲ್ಲ. ನೋಡಿ ಹೇಳಿ, ಆಮೇಲೆ ಮಾತಾಡೋಣ, ಅಂದರು.

ವಾಪಸು ಬರುವಾಗ ಎಂಆರ್‌ಟಿ ರೈಲಿನಲ್ಲಿ ಬದರಿನಾಥ್ ಎದುರಿನ ಸೀಟಿನಲ್ಲಿ ಕೂತು ಫೋನಿನಿಂದ ಕಣ್ಣೆತ್ತಲಿಲ್ಲ. ಪಾಸಿನ ಮಾತು ಏನಾಗುತ್ತದೋ ಅವಳಿಗೆ ತಿಳಿಯದು. ಮಡಿಲಲ್ಲಿ ಟ್ಯೂಬಿನ ಡಬ್ಬ ಇಟ್ಟುಕೊಂಡು ಅವಳು ಕಾಂಡ್ಲಾ ಕೆಸರಿನ ಆ ಬ್ಯಾಕ್ಟೀರಿಯಾವನ್ನು ನೆನೆದಳು. ಸುತ್ತ ಸಮುದ್ರದ ಉಪ್ಪು ಒತ್ತಿಕೊಂಡು ಬರುತ್ತಿದ್ದರೂ, ಸೋಡಿಯಮ್ಮನ್ನು ಬಿಡದೆ ಹೊರಗೆ ದಬ್ಬುತ್ತಾ, ಒಳಗೆ ಪೊಟ್ಯಾಷಿಯಮ್ಮನ್ನೇ ಕಾದಿಟ್ಟುಕೊಂಡು ಬದುಕುವ ಜೀವ. ಕಣ್ಣಿಗೆ ಕಾಣದಷ್ಟು ಚಿಕ್ಕದು.

ಮನೆಯಲ್ಲಿ ಆಂಟಿ ಮುಖ ಬಿಗಿದುಕೊಂಡೇ ಬಡಿಸಿದರು. ಅಂಕಲ್ ಮಾತ್ರ ಏನಾಯಿತಮ್ಮಾ ಅಂತ ಕೇಳಿ, ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಲೋಟ ಎತ್ತಿ ಹೆಂಡತಿಯ ಕಡೆ ನೋಡಿದರು. “ಕೇಳಿದೆಯೇನೇ? ಬೆಳ್ಳಗಿದ್ದರೆ ಸಾಲದಂತೆ.”

ಶುಕ್ರವಾರ ಆಶ್ರಿತಾ ಎಲ್ಲರೂ ಬಂದ ಮೇಲೆ ಲ್ಯಾಬಿಗೆ ಹೋದಳು. ಮೂಲೆಯ ಕಪಾಟಿನಿಂದ ತನ್ನ ಬಾಟಲಿ ತೆಗೆದು, ನಾಲ್ಕು ಜನರ ನಡುವೆ ನುಗ್ಗಿ, ಕಾಮನ್ ಬೆಂಚಿನಲ್ಲಿ ಸೋಡಿಯಂ ಬಾಟಲಿಯ ಪಕ್ಕಕ್ಕೆ ಇಟ್ಟಳು. ಬೀಕರು ಹಿಡಿದು ನಿಂತಿದ್ದ ಸಾಗರ್ ಎರಡನ್ನೂ ನೋಡಿ, ಈ ಸಲ ಕೈಮುಗಿಯದೆ, “ಯಾವುದು ತಗೊಳ್ಳಲಿ?” ಅಂದ.

“ಯಾವುದಾದರೂ ತಗೊಳ್ಳಿ. ಆದರೆ ಯಾವುದು ಅಂತ ಬರೀರಿ,” ಅಂದಳು ಆಶ್ರಿತಾ. ಅಲ್ಲೇ ಅವನ ಪಕ್ಕದಲ್ಲೇ, ಬೆನ್ನು ತಿರುಗಿಸದೆ, ಪುಡಿ ತೂಗತೊಡಗಿದಳು. ಸ್ವಲ್ಪ ಚೆಲ್ಲಿತು. ಒರೆಸಿದಳು.